ಸರ್ವರ್ ನಡೆಯುತ್ತಿದೆ, ಆದರೆ ಉತ್ತರ ಸರಿಯಿದೆಯೇ?

ಪಶುವೈದ್ಯಾಧಿಕಾರಿಯಿಂದ



"ಸರ್ವರ್ ಇಲ್ಲ" ಎಂಬ ಮಾತು ನಿಮಗೆ ಹೊಸದಲ್ಲ. ಸಿರುಗುಪ್ಪದ ರೇಷನ್ ಅಂಗಡಿಯಲ್ಲಿ ಕೇಳಿರುತ್ತೀರಿ, ಕುರುಗೋಡಿನ ನಾಡಕಚೇರಿಯಲ್ಲಿ ಕೇಳಿರುತ್ತೀರಿ, ಬಳ್ಳಾರಿಯ ಬ್ರೂಸ್‌ಪೇಟೆಗೆ ಬಂದಾಗ ಬ್ಯಾಂಕಿನ ಕಿಟಕಿಯ ಮುಂದೆಯೂ ಕೇಳಿರುತ್ತೀರಿ. ಬೇಸರವಾಗುತ್ತದೆ, ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ದಂಡವಾಗುತ್ತದೆ. ಆದರೂ ಒಂದು ಮಾತು ಗಮನಿಸಿ. ಸರ್ವರ್ ನಿಂತರೆ ಎಲ್ಲರಿಗೂ ಗೊತ್ತಾಗುತ್ತದೆ. ಜನ ಕೇಳುತ್ತಾರೆ, ಯಾರೋ ಬಂದು ಸರಿ ಮಾಡುತ್ತಾರೆ.

ಸರ್ವರ್ ಚೆನ್ನಾಗಿ ನಡೆಯುತ್ತಿದ್ದು, ಚೀಟಿಯೂ ಬಂದು, ಮೊಬೈಲಿಗೆ ಸಂದೇಶವೂ ಬಂದು, ಅದರಲ್ಲಿರುವ ಅಂಕಿಯೇ ತಪ್ಪಾಗಿದ್ದರೆ? ಆಗ ಯಾರೂ ಕೇಳುವುದಿಲ್ಲ. ಯಂತ್ರ ಹೇಳಿದ್ದು ಸರಿಯೇ ಇರಬೇಕು ಎಂದುಕೊಂಡು ಚೀಟಿಯನ್ನು ಸೆರಗಿಗೆ ಕಟ್ಟಿಕೊಂಡು ಮನೆಗೆ ಹೋಗುತ್ತೇವೆ. ಇಂಥ ಸದ್ದಿಲ್ಲದ ತಪ್ಪನ್ನು ಹಿಡಿಯಲು ಕಂಪ್ಯೂಟರ್ ಕೆಲಸದವರು ಬಳಸುವ ಒಂದು ಕ್ರಮವಿದೆ. ಅದನ್ನು ತಿಳಿದುಕೊಂಡು ನಮ್ಮ ಸಂಘಗಳಲ್ಲಿ ಎಷ್ಟರಮಟ್ಟಿಗೆ ಮಾಡಬಹುದು ಎಂಬುದೇ ಈ ಲೇಖನದ ವಿಷಯ.

ನಾನು ಓದಿದ್ದು ಪಶುವೈದ್ಯಕೀಯ. ಕಂಪ್ಯೂಟರ್ ಬಗ್ಗೆ ಏಕೆ ಬರೆಯಬೇಕು ಎಂದು ನೀವು ಕೇಳಬಹುದು. ಮೊದಲು ನಿಮ್ಮ ಆಕಳಿನ ವಿವರ ನನ್ನ ವಹಿಯಲ್ಲಿರುತ್ತಿತ್ತು. ಈಗ ಕಿವಿಯೋಲೆಯ 12 ಅಂಕಿಯ ಸಂಖ್ಯೆ ಹಾಕಿದರೆ ಸಾಕು, ಆಕಳಿನ ವಯಸ್ಸು, ಗರ್ಭಧಾರಣೆ ಮಾಡಿಸಿದ ದಿನ, ಕಾಲುಬಾಯಿ ಬೇನೆಯ ಲಸಿಕೆ ಎಲ್ಲವೂ ಭಾರತ್ ಪಶುಧನ್ ತಂತ್ರಾಂಶದಲ್ಲಿ ಕಾಣುತ್ತದೆ. ನೀವು ಹಾಕಿದ ಹಾಲು, ಅದರ ಜಿಡ್ಡು, ದರ, ಬಟವಾಡೆ, ಸರ್ಕಾರದ ಲೀಟರಿಗೆ ₹5 ಪ್ರೋತ್ಸಾಹಧನ, ಇವೂ ಕಂಪ್ಯೂಟರಿನಲ್ಲೇ ಇವೆ. ವಹಿ ತಪ್ಪಾದರೆ ನನ್ನ ಚಿಕಿತ್ಸೆಯೂ ತಪ್ಪುತ್ತದೆ, ನಿಮ್ಮ ಹಣವೂ ತಪ್ಪುತ್ತದೆ.

ಡೇಟಾಬೇಸ್ ಸರ್ವರ್ ಎಂದರೆ ಏನು?

ಡೇಟಾಬೇಸ್ ಎಂದರೆ ಮನೆ ಮನೆಗೆ ಗೆರೆ ಎಳೆದ ಒಂದು ದೊಡ್ಡ ಲೆಕ್ಕದ ವಹಿ. ಒಂದು ಸಾಲಿಗೆ ಒಬ್ಬ ಸದಸ್ಯೆ, ಅಥವಾ ಒಂದು ಹೊತ್ತಿನ ಹಾಲು, ಅಥವಾ ಒಂದು ಆಕಳು. ಆ ವಹಿಯನ್ನು ಕಾಯುತ್ತಾ, ಕೇಳಿದವರಿಗೆ ಉತ್ತರ ಕೊಡುತ್ತಾ, ಹೊಸದನ್ನು ಬರೆದುಕೊಳ್ಳುತ್ತಾ ಇರುವ ಯಂತ್ರವೇ ಸರ್ವರ್. ಹಾಲು ಹಾಕುವಾಗ ತೂಕದ ಯಂತ್ರ ಮತ್ತು ಹಾಲು ಪರೀಕ್ಷೆಯ ಯಂತ್ರ ಎರಡೂ ತಮ್ಮ ಅಂಕಿಯನ್ನು ಕಂಪ್ಯೂಟರಿಗೆ ಹೇಳುತ್ತವೆ. ಕಂಪ್ಯೂಟರ್ ದರಪಟ್ಟಿ ನೋಡಿ ಗುಣಿಸಿ ನಿಮ್ಮ ಸಂಖ್ಯೆಯ ಮುಂದೆ ಬರೆಯುತ್ತದೆ.

ಈ ತಂತ್ರಾಂಶ ಒಮ್ಮೆ ಮಾಡಿದ ಹಾಗೆಯೇ ಉಳಿಯುವುದಿಲ್ಲ. ದರ ಬದಲಾಗುತ್ತದೆ, ಹೊಸ ಯಂತ್ರ ಬರುತ್ತದೆ, ಬ್ಯಾಂಕಿನ ನಿಯಮ ಬದಲಾಗುತ್ತದೆ, ಕಂಪನಿಯವರು "ಅಪ್‌ಡೇಟ್" ಹಾಕುತ್ತಾರೆ. ಒಂದು ಕಡೆ ಸರಿ ಮಾಡಲು ಹೋದಾಗ, ನಿನ್ನೆಯವರೆಗೆ ಸರಿಯಿದ್ದ ಇನ್ನೊಂದು ಕಡೆ ಕೆಡುವುದುಂಟು. ಮಾಡಿದವರಿಗೂ ಅದು ತಿಳಿದಿರುವುದಿಲ್ಲ, ಏಕೆಂದರೆ ಅವರ ಕಣ್ಣು ತಾವು ಮುಟ್ಟಿದ ಜಾಗದ ಮೇಲೇ ಇರುತ್ತದೆ.

ಕೆಚ್ಚಲು ಬಾವಿನಿಂದ ಕಲಿತ ಪಾಠ

ಸರಿಯಿದ್ದದ್ದು ಮತ್ತೆ ಕೆಡುವುದಕ್ಕೆ ಕಂಪ್ಯೂಟರಿನವರು "ರಿಗ್ರೆಶನ್" ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಮರುಕಳಿಸುವುದು. ಇದು ನಿಮಗೆ ಗೊತ್ತಿರುವ ಸಂಗತಿಯೇ. ಆಕಳಿಗೆ ಕೆಚ್ಚಲು ಬಾವು ಬಂದು ಒಂದು ಮೊಲೆಗೆ ಔಷಧ ಏರಿಸಿದ್ದೇವೆ ಎಂದುಕೊಳ್ಳಿ. ಔಷಧದ ಅವಧಿ ಮುಗಿದ ಮೇಲೆ ಸಿ.ಎಂ.ಟಿ. ಪರೀಕ್ಷೆ ಮಾಡುತ್ತೇವೆ. ನಾಲ್ಕು ಬಟ್ಟಲಿನ ತಟ್ಟೆಯಲ್ಲಿ ನಾಲ್ಕೂ ಮೊಲೆಯ ಹಾಲನ್ನು ಬೇರೆ ಬೇರೆ ಕರೆದು, ಸಮ ಪ್ರಮಾಣದ ದ್ರಾವಣ ಬೆರೆಸಿ, ಮೆಲ್ಲಗೆ ತಿರುಗಿಸಿ, ಗಟ್ಟಿಯಾಗುತ್ತದೆಯೇ ನೋಡುತ್ತೇವೆ. 1957ರಿಂದ ಬಳಕೆಯಲ್ಲಿರುವ ಸುಲಭ ಪರೀಕ್ಷೆ ಇದು.

ಔಷಧ ಹಾಕಿದ್ದು ಒಂದೇ ಮೊಲೆಗೆ. ಆದರೂ ನಾಲ್ಕನ್ನೂ ನೋಡುತ್ತೇವೆ. ಉಪಚಾರದ ಮೊಲೆ ವಾಸಿಯಾಗುವಷ್ಟರಲ್ಲಿ ಪಕ್ಕದ ಮೊಲೆಗೆ ಸೋಂಕು ತಗುಲಿರಬಹುದು. ವಾಸಿಯಾದದ್ದೇ ತಿಂಗಳ ನಂತರ ಮರಳಬಹುದು. ಅದಕ್ಕೇ ಎರಡು ನಿಯಮ: ಒಂದನ್ನು ಮುಟ್ಟಿದರೆ ಎಲ್ಲವನ್ನೂ ನೋಡು, ಒಮ್ಮೆ ಬಂದ ಕಾಯಿಲೆಯನ್ನು ಮುಂದೆಯೂ ಹುಡುಕುತ್ತಿರು. ಕಂಪ್ಯೂಟರಿನವರ ಮರುಕಳಿಕೆ ಪರೀಕ್ಷೆಯೂ ಈ ಎರಡು ನಿಯಮಗಳ ಮೇಲೆಯೇ ನಿಂತಿದೆ.

ಬರೆದಿಟ್ಟ ಪ್ರಶ್ನೆ, ಬರೆದಿಟ್ಟ ಉತ್ತರ

ಜಗತ್ತಿನಾದ್ಯಂತ ಬಳಕೆಯಲ್ಲಿರುವ ಒಂದು ಡೇಟಾಬೇಸ್ ಸರ್ವರ್‌ನ ಹೆಸರು ಪೋಸ್ಟ್‌ಗ್ರೆಸ್. 1986ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ಮುಂದಾಳತ್ವದಲ್ಲಿ ಅದರ ಕೆಲಸ ಆರಂಭವಾಯಿತು. 1996ರಿಂದ ನಾನಾ ದೇಶಗಳ ಜನ ಸೇರಿ ಅದನ್ನು ಬೆಳೆಸುತ್ತಿದ್ದಾರೆ. ಒಬ್ಬ ಮಾಲೀಕನಿಲ್ಲ, ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು. ಒಂದು ರೀತಿಯಲ್ಲಿ ಸಹಕಾರಿ ಕೆಲಸವೇ. ಅಷ್ಟು ಜನ ಕೈ ಹಾಕುವ ಜಾಗದಲ್ಲಿ ಒಬ್ಬರು ಮಾಡಿದ ಬದಲಾವಣೆ ಇನ್ನೊಬ್ಬರ ಕೆಲಸ ಕೆಡಿಸದಂತೆ ಕಾಯುವುದು ಹೇಗೆ?

ಅವರು ಎರಡು ಬಗೆಯ ಕಡತ ಇಟ್ಟಿದ್ದಾರೆ. ಒಂದರಲ್ಲಿ ಪ್ರಶ್ನೆಗಳು: ಇಂಥ ದಿನಾಂಕಕ್ಕೆ ಇಷ್ಟು ದಿನ ಕೂಡಿಸಿದರೆ ಎಷ್ಟು, ಈ ಪಟ್ಟಿಯನ್ನು ಹೆಸರಿನ ಕ್ರಮದಲ್ಲಿ ಜೋಡಿಸಿದರೆ ಹೇಗೆ ಬರುತ್ತದೆ, ಸೊನ್ನೆಯಿಂದ ಭಾಗಿಸು ಎಂದರೆ ಏನು ಹೇಳಬೇಕು. ಇನ್ನೊಂದರಲ್ಲಿ ಆ ಪ್ರಶ್ನೆಗಳಿಗೆ ಬರಬೇಕಾದ ಉತ್ತರಗಳು, ಅಕ್ಷರ ಅಕ್ಷರವೂ. ಇಂಥ ಪ್ರಶ್ನೆ ಕಡತಗಳು ಇನ್ನೂರಕ್ಕೂ ಹೆಚ್ಚಿವೆ. ಯಾರಾದರೂ ಏನಾದರೂ ಬದಲಿಸಿದರೆ ಒಂದು ಆಜ್ಞೆ ಕೊಡುತ್ತಾರೆ. ಕಂಪ್ಯೂಟರ್ ತಾತ್ಕಾಲಿಕವಾಗಿ ಒಂದು ಹೊಸ ಸರ್ವರ್ ಎಬ್ಬಿಸಿ, ಎಲ್ಲ ಪ್ರಶ್ನೆಗಳನ್ನೂ ಕೇಳಿ, ಬಂದ ಉತ್ತರವನ್ನು ಬರೆದಿಟ್ಟ ಉತ್ತರದ ಜೊತೆ ಸಾಲು ಸಾಲಾಗಿ ಹೋಲಿಸುತ್ತದೆ. ಹೊಂದಿದರೆ "ಓಕೆ", ಹೊಂದದಿದ್ದರೆ "ನಾಟ್ ಓಕೆ". ಯಾವ ಸಾಲಿನಲ್ಲಿ ವ್ಯತ್ಯಾಸ ಎಂಬುದನ್ನು ಬೇರೆ ಕಡತದಲ್ಲಿ ಬರೆದು ತೋರಿಸುತ್ತದೆ.

ಇನ್ನೊಂದು ವಿಷಯ ಕೇಳಿದರೆ ನಿಮಗೆ ನಗು ಬರಬಹುದು. ನಾನಾ ದೇಶಗಳಲ್ಲಿ ನಾನಾ ತಳಿಯ ಕಂಪ್ಯೂಟರುಗಳು ಈ ಪರೀಕ್ಷೆಯನ್ನು ದಿನವೂ ತಾವಾಗಿಯೇ ನಡೆಸಿ ಫಲಿತಾಂಶ ಕಳಿಸುತ್ತಿರುತ್ತವೆ. ಆ ಕಂಪ್ಯೂಟರುಗಳ ಗುಂಪಿಗೆ "ಫಾರ್ಮ್" ಎಂದೇ ಹೆಸರು, ಪ್ರತಿ ಕಂಪ್ಯೂಟರಿಗೂ ಒಂದು ಪ್ರಾಣಿಯ ಹೆಸರು. ಒಂದು ಕಡೆ ಸರಿಯಿದ್ದದ್ದು ಬೇರೆ ತಳಿಯ ಯಂತ್ರದಲ್ಲಿ ಕೆಡುವುದುಂಟು, ಅದಕ್ಕೇ ಇಷ್ಟು ಬಗೆ. ನಮ್ಮ ಜವಾರಿ ಆಕಳಿಗೆ ಒಗ್ಗುವ ಮೇವು ಮಿಶ್ರತಳಿಗೆ ಸಾಲದೆ ಹೋಗುವ ಹಾಗೆ.

ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನೊಳಗೂ ಒಂದು ಡೇಟಾಬೇಸ್ ಇದೆ. ಅದರ ಹೆಸರು ಎಸ್‌ಕ್ಯೂಲೈಟ್. 2000ದಲ್ಲಿ ಶುರುವಾದ ಈ ಪುಟ್ಟ ತಂತ್ರಾಂಶಕ್ಕೆ, ಅದನ್ನು ಬರೆದ ಸಾಲುಗಳಿಗಿಂತ ಸುಮಾರು 590 ಪಟ್ಟು ಹೆಚ್ಚು ಸಾಲುಗಳ ಪರೀಕ್ಷೆ ಬರೆದಿದ್ದಾರೆ. ಒಂದು ಸೇರು ಹಾಲಿಗೆ ಐನೂರಕ್ಕೂ ಹೆಚ್ಚು ಸೇರು ಪರೀಕ್ಷೆ! ಲೆಕ್ಕ ಕಾಯುವ ಕೆಲಸವನ್ನು ಬಲ್ಲವರು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದಾರೆ ಎಂಬುದಕ್ಕೆ ಇದು ಸಾಕು.

ಒಳ್ಳೆಯ ಪರೀಕ್ಷೆ ಬರೆಯುವುದು ಹೇಗೆ?

ಪ್ರಶ್ನೆ ಯಾವುದಾದರೂ ನಡೆಯುತ್ತದೆ ಎಂದುಕೊಳ್ಳಬೇಡಿ. ತಪ್ಪನ್ನು ಹಿಡಿಯುವ ಪ್ರಶ್ನೆಯನ್ನು ಆರಿಸಬೇಕು. ನಮ್ಮ ಕೆಲಸದಿಂದಲೇ ಕೆಲವು ಉದಾಹರಣೆ ನೋಡೋಣ.

ದಿನಾಂಕದ ಪ್ರಶ್ನೆ. ನಾವು ದಿನ ಮೊದಲು, ತಿಂಗಳು ಆಮೇಲೆ ಬರೆಯುತ್ತೇವೆ. ಅಮೆರಿಕದಲ್ಲಿ ತಿಂಗಳು ಮೊದಲು. ತಂತ್ರಾಂಶ ಬದಲಾದಾಗ ಈ ಕ್ರಮ ತಿರುಗುಮುರುಗಾದರೆ, 05-06-2025 ಎಂದು ಬರೆದ ಜೂನ್ 5ನ್ನು ಅದು ಮೇ 6 ಎಂದು ಓದುತ್ತದೆ. ಆಕಳಿನ ಗರ್ಭದ ಅವಧಿ 280 ದಿನ ಎಂದು ಹಿಡಿದರೆ, ಜೂನ್ 5ರಂದು ಗರ್ಭಧಾರಣೆಯಾದ ಆಕಳು 2026ರ ಮಾರ್ಚ್ 12ರ ಸುಮಾರಿಗೆ ಕರು ಹಾಕಬೇಕು. ತಪ್ಪಾಗಿ ಓದಿದ ಯಂತ್ರ ಫೆಬ್ರವರಿ 10 ಎನ್ನುತ್ತದೆ. ಮೂವತ್ತು ದಿನ ಮುಂಚೆ. ಅದನ್ನು ನಂಬಿ ಎರಡು ತಿಂಗಳು ಮೊದಲೇ ಹಾಲು ಬತ್ತಿಸಿದರೆ ಒಂದು ತಿಂಗಳ ಹಾಲು ಸುಮ್ಮನೆ ಹೋಯಿತು. ತಪ್ಪು ಇನ್ನೊಂದು ದಿಕ್ಕಿಗೆ ಆದರೆ ಬತ್ತಿಸುವ ಕಾಲ ದಾಟಿಹೋಗಿ, ಕೆಚ್ಚಲಿಗೆ ವಿಶ್ರಾಂತಿ ಸಿಗದೆ, ಮುಂದಿನ ಸೂಲಿನ ಹಾಲೇ ಕಡಿಮೆಯಾಗುತ್ತದೆ.

ಈಗ ಮುಖ್ಯವಾದ ಮಾತು. ಇದನ್ನು ಪರೀಕ್ಷಿಸಲು ನೀವು ಜೂನ್ 15ನ್ನು ಆರಿಸಿದರೆ ತಪ್ಪು ಸಿಗದೇ ಹೋಗಬಹುದು. ಹದಿನೈದನೇ ತಿಂಗಳು ಎಂಬುದೇ ಇಲ್ಲದ್ದರಿಂದ ಎಷ್ಟೋ ಯಂತ್ರಗಳು ಅದನ್ನು ದಿನವೆಂದೇ ಓದಿ ಸರಿ ಉತ್ತರ ಕೊಡುತ್ತವೆ. ತಪ್ಪು ಅಡಗಿರುವುದು 1ರಿಂದ 12ರವರೆಗಿನ ದಿನಗಳಲ್ಲಿ ಮಾತ್ರ. ಅದರಲ್ಲೂ 06-06 ಎಂದು ಹಾಕಿದರೆ ಸಿಗದು, ಎರಡೂ ಒಂದೇ. ಹೀಗೆ ಯೋಚಿಸಿ 05-06 ಎಂಬುದನ್ನು ಆರಿಸುವುದೇ ಪರೀಕ್ಷೆ ಬರೆಯುವ ಜಾಣತನ.

ಅಧಿಕ ವರ್ಷದ ಪ್ರಶ್ನೆಯೂ ಬೇಕು. 2023ರ ಜೂನ್ 1ಕ್ಕೆ 280 ದಿನ ಕೂಡಿಸಿದರೆ 2024ರ ಮಾರ್ಚ್ 7. 2024ರ ಜೂನ್ 1ಕ್ಕೆ ಕೂಡಿಸಿದರೆ 2025ರ ಮಾರ್ಚ್ 8. ಒಂದು ದಿನದ ವ್ಯತ್ಯಾಸ, ಏಕೆಂದರೆ 2024ರಲ್ಲಿ ಫೆಬ್ರವರಿ 29 ಇತ್ತು. ಒಂದು ದಿನ ಏನು ಮಹಾ ಎನ್ನಬೇಡಿ. 2024ರ ಫೆಬ್ರವರಿ 29ರಂದು ಹೈನುಗಾರಿಕೆಗೆ ಹೆಸರಾದ ನ್ಯೂಜಿಲೆಂಡಿನಲ್ಲಿ ಅನೇಕ ಪೆಟ್ರೋಲ್ ಬಂಕುಗಳ ಹಣ ಪಾವತಿ ಯಂತ್ರಗಳು ಆ ದಿನಾಂಕವನ್ನು ಅರಗಿಸಿಕೊಳ್ಳಲಾಗದೆ ಗಂಟೆಗಟ್ಟಲೆ ನಿಂತುಹೋದವು. ನಾಲ್ಕು ವರ್ಷಕ್ಕೊಮ್ಮೆ ಬರುವ ದಿನವನ್ನೂ ಮೊದಲೇ ಕೇಳಿ ನೋಡಬೇಕು.

ಅಂಚಿನ ಪ್ರಶ್ನೆ. ದರಪಟ್ಟಿಯಲ್ಲಿ ದರ ಬದಲಾಗುವ ಮೆಟ್ಟಿಲುಗಳಿರುತ್ತವೆ. ಚೀಟಿಯಲ್ಲಿ ಎಸ್‌ಎನ್‌ಎಫ್ ಎಂದು ಬರುವ ಜಿಡ್ಡೇತರ ಘನಾಂಶ 8.5ಕ್ಕೆ ಒಂದು ದರ, ಅದಕ್ಕಿಂತ ಕೆಳಗೆ ಇನ್ನೊಂದು ದರ ಎಂದಿಟ್ಟುಕೊಳ್ಳಿ. ಸರಿಯಾಗಿ 8.5 ಬಂದ ಹಾಲು ಯಾವ ಮೆಟ್ಟಿಲಿಗೆ ಸೇರುತ್ತದೆ? ತಪ್ಪು ಹೆಚ್ಚಾಗಿ ಅಡಗುವುದು ಇಂಥ ಅಂಚುಗಳಲ್ಲೇ. ಆದ್ದರಿಂದ 8.4, 8.5, 8.6 ಮೂರನ್ನೂ ಕೇಳಬೇಕು. ನಡುವಿನ ಅಂಕಿಗಳನ್ನು ಎಷ್ಟು ಸಲ ಕೇಳಿದರೂ ಪ್ರಯೋಜನ ಕಡಿಮೆ.

ಬೇಡವೆನ್ನಬೇಕಾದ ಪ್ರಶ್ನೆ. ಒಳ್ಳೆಯ ವಹಿ ತಪ್ಪು ವಿವರವನ್ನು ಒಳಗೆ ಬಿಡಬಾರದು. ಕಿವಿಯೋಲೆಯ ಸಂಖ್ಯೆ 11 ಅಂಕಿ ಹಾಕಿದರೆ ಯಂತ್ರ ಒಪ್ಪಬಾರದು. ಒಂದೇ ಸಂಖ್ಯೆಯನ್ನು ಎರಡು ಆಕಳಿಗೆ ಹಾಕಿದರೆ ಒಪ್ಪಬಾರದು. ನಾಳೆಯ ದಿನಾಂಕಕ್ಕೆ ಇವತ್ತೇ ಗರ್ಭಧಾರಣೆ ಎಂದರೆ ಒಪ್ಪಬಾರದು. ಹೋರಿಗೆ ಗಬ್ಬ ಪರೀಕ್ಷೆ ಎಂದರೆ ಒಪ್ಪಬಾರದು. ಪೋಸ್ಟ್‌ಗ್ರೆಸ್‌ನ ಉತ್ತರದ ಕಡತಗಳಲ್ಲೂ "ಇದು ತಪ್ಪು, ಆಗುವುದಿಲ್ಲ" ಎಂಬ ಸಾಲುಗಳು ಬೇಕಾದಷ್ಟಿವೆ. ಅಲ್ಲಿ ಯಂತ್ರ ಬೇಡವೆಂದರೇನೇ ಪರೀಕ್ಷೆ ಪಾಸು. ನಿಮಗೆ ಇದು ಏಕೆ ಮುಖ್ಯ ಎಂದರೆ, ಆಕಳು ಸತ್ತಾಗ ವಿಮೆಯವರು ಮೊದಲು ಕೇಳುವುದೇ ಕಿವಿಯೋಲೆ. ವಹಿಯಲ್ಲಿರುವ ಸಂಖ್ಯೆಗೂ ಓಲೆಗೂ ಒಂದು ಅಂಕಿ ಹೊಂದದಿದ್ದರೂ ಪರಿಹಾರದ ಹಣಕ್ಕೆ ಅಡ್ಡಿ.

ಹೆಸರಿನ ಪ್ರಶ್ನೆ. ನಮ್ಮ ಊರುಗಳಲ್ಲಿ ಒಂದೇ ಸಂಘದಲ್ಲಿ ಮೂವರು ಹುಲಿಗೆಮ್ಮ, ಇಬ್ಬರು ಹೊನ್ನೂರಮ್ಮ ಇರುವುದು ಸಾಮಾನ್ಯ. ಒಬ್ಬರ ಹಾಲು ಇನ್ನೊಬ್ಬರ ಖಾತೆಗೆ ಹೋಗದಂತೆ ಯಂತ್ರ ಸದಸ್ಯತ್ವದ ಸಂಖ್ಯೆಯಿಂದ ಗುರುತಿಸುತ್ತದೆಯೇ? ನುಡಿಯಂಥ ಹಳೆಯ ಅಕ್ಷರ ವ್ಯವಸ್ಥೆಯಿಂದ ಯೂನಿಕೋಡ್‌ಗೆ ಹೆಸರುಗಳನ್ನು ಬದಲಿಸಿದಾಗ "ಲಕ್ಷ್ಮಮ್ಮ", "ಎರ್ರೆಮ್ಮ" ಇಂಥ ಒತ್ತಕ್ಷರದ ಹೆಸರುಗಳು ಹಾಗೆಯೇ ಬಂದವೇ, ಇಲ್ಲಾ ಮುರಿದವೇ? ಸುಲಭದ "ಕಮಲ" ಎಂಬ ಹೆಸರಿನಿಂದ ಪರೀಕ್ಷಿಸಿದರೆ ಇದು ತಿಳಿಯುವುದಿಲ್ಲ. ಕಷ್ಟದ ಹೆಸರನ್ನೇ ಆರಿಸಬೇಕು.

ಕರೆಂಟು ಹೋಗುವ ಪ್ರಶ್ನೆ. ಯಂತ್ರ ನಿಮ್ಮ ಹಾಲು ಬರೆಯುತ್ತಿರುವಾಗಲೇ ಕರೆಂಟು ಹೋದರೆ ಏನಾಗಬೇಕು? ಬರೆದರೆ ಲೀಟರು, ದರ, ಹಣ ಮೂರೂ ಪೂರ್ತಿ ಬರೆದಿರಬೇಕು. ಇಲ್ಲವಾದರೆ ಏನೂ ಬರೆದಿರಬಾರದು. ಅರ್ಧ ಬರೆದು ಬಿಟ್ಟರೆ ಅದು ಕೆಟ್ಟ ಸರ್ವರ್. ಈ ಪರೀಕ್ಷೆಯನ್ನು ಕಂಪನಿಯವರು ತಮ್ಮಲ್ಲೇ ಮಾಡಿರಬೇಕು. ಸಂಘದಲ್ಲಿ ವೈರು ಕಿತ್ತು ನೋಡುವ ಕೆಲಸಕ್ಕೆ ಯಾರೂ ಹೋಗಬೇಡಿ.

ಪರೀಕ್ಷೆಯಲ್ಲದ ಪರೀಕ್ಷೆ

"ನಿನ್ನೆ ಜಿಡ್ಡು 4.0 ಬಂದಿತ್ತು, ಇವತ್ತು 3.8 ಬಂದಿದೆ, ಯಂತ್ರ ಕೆಟ್ಟಿದೆ" ಎಂದು ಕೆಲವರು ಹೇಳುತ್ತಾರೆ. ಇದರಿಂದ ಏನೂ ತೀರ್ಮಾನಿಸಲಾಗದು. ಬೆಳಗಿನ ಹಾಲಿಗೂ ಸಂಜೆಯ ಹಾಲಿಗೂ ಜಿಡ್ಡು ಬೇರೆ. ಕೊನೆಯ ಹನಿಗಳಲ್ಲಿ ಜಿಡ್ಡು ಹೆಚ್ಚು, ಪೂರ್ತಿ ಹಿಂಡದಿದ್ದರೆ ಕಡಿಮೆಯಾಗುತ್ತದೆ. ಬರೀ ಭತ್ತದ ಹುಲ್ಲಿನಿಂದ ಹಸಿಮೇವಿಗೆ ಬದಲಿಸಿದರೂ ಹಾಲು ಬದಲಾಗುತ್ತದೆ. ಎರಡು ಕಡೆಯೂ ಅಲುಗಾಡುತ್ತಿದ್ದರೆ ತಪ್ಪು ಯಾರದು ಎಂದು ಹೇಳುವುದು ಹೇಗೆ? ಪರೀಕ್ಷೆಯಲ್ಲಿ ಒಂದು ಕಡೆ ಅಲುಗದೆ ನಿಂತಿರಬೇಕು.

ಜಿಡ್ಡಿನ ಯಂತ್ರದ ಮೇಲೆ ಸಂಶಯವಿದ್ದರೆ, ಒಂದೇ ಪಾತ್ರೆಯ ಹಾಲನ್ನು ಚೆನ್ನಾಗಿ ಕಲಕಿ ಎರಡು ಭಾಗ ಮಾಡಿ, ಒಂದನ್ನು ಯಂತ್ರದಲ್ಲಿ, ಇನ್ನೊಂದನ್ನು ಗರ್ಬರ್ ವಿಧಾನದಲ್ಲಿ ನೋಡಿಸಬೇಕು. ಆಮ್ಲ ಬಳಸುವ ಪರೀಕ್ಷೆಯಾದ್ದರಿಂದ ಅದನ್ನು ತರಬೇತಿ ಪಡೆದ ಪರೀಕ್ಷಕಿಯೇ ಮಾಡಬೇಕು.

ಕಂಪ್ಯೂಟರಿನವರಿಗೂ ಇದೇ ತೊಂದರೆಯಿದೆ. ಕ್ರಮದಲ್ಲಿ ಕೊಡು ಎಂದು ಕೇಳದಿದ್ದರೆ ಡೇಟಾಬೇಸ್ ಹೆಸರುಗಳನ್ನು ಇವತ್ತು ಒಂದು ಕ್ರಮದಲ್ಲಿ, ನಾಳೆ ಇನ್ನೊಂದು ಕ್ರಮದಲ್ಲಿ ಕೊಡಬಹುದು. ಅದು ತಪ್ಪಲ್ಲ, ಆದರೆ ಅಕ್ಷರಶಃ ಹೋಲಿಸುವ ಪರೀಕ್ಷೆ "ನಾಟ್ ಓಕೆ" ಎನ್ನುತ್ತದೆ. ಸುಮ್ಮಸುಮ್ಮನೆ ಕೂಗುವ ನಾಯಿಯನ್ನು ಯಾರೂ ನಂಬುವುದಿಲ್ಲ. ಹಾಗಾಗಿ ಪ್ರಶ್ನೆ ಬರೆಯುವಾಗಲೇ ಕ್ರಮವನ್ನೂ ಹೇಳಿಬಿಡುತ್ತಾರೆ.

ಉತ್ತರವೇ ಬದಲಾಗಬೇಕಾದಾಗ

ಒಕ್ಕೂಟ ಹಾಲಿನ ದರ ಹೆಚ್ಚಿಸಿತು ಎಂದುಕೊಳ್ಳಿ. ಬರೆದಿಟ್ಟ ಉತ್ತರಗಳು ಆಗ ಹೊಂದುವುದಿಲ್ಲ, ಹೊಂದಲೂಬಾರದು. ಹೊಸ ಉತ್ತರ ಬರೆದುಕೊಳ್ಳಬೇಕು. ಇಲ್ಲಿಯೇ ಎಡವುವುದು ಸುಲಭ. ಯಂತ್ರ ಕೊಟ್ಟ ಹೊಸ ಅಂಕಿಯನ್ನೇ ನೋಡಿ "ಇದೇ ಸರಿ" ಎಂದು ವಹಿಯಲ್ಲಿ ಇಳಿಸಿಕೊಂಡರೆ, ಯಂತ್ರದ ತಪ್ಪಿಗೆ ನಾವೇ ರುಜು ಹಾಕಿದಂತೆ. ಮುಂದೆ ಎಷ್ಟು ಸಲ ಪರೀಕ್ಷಿಸಿದರೂ ಅದು ಸರಿಯೆಂದೇ ತೋರಿಸುತ್ತದೆ. ಹೊಸ ದರಪಟ್ಟಿ ನೋಡಿ ಕೈಯಲ್ಲಿ ಲೆಕ್ಕ ಮಾಡಿ, ಆ ಉತ್ತರವನ್ನು ಮೊದಲು ಬರೆದು, ಆಮೇಲೆ ಯಂತ್ರವನ್ನು ಕೇಳಬೇಕು. ಏಕೆ ಬದಲಾಯಿತು, ಯಾವ ದಿನದಿಂದ, ಯಾರು ಲೆಕ್ಕ ಮಾಡಿದರು ಎಂಬುದನ್ನೂ ಪಕ್ಕದಲ್ಲಿ ಬರೆಯಬೇಕು.

ದರ ಬದಲಾದರೆ ಹಣ ಮಾತ್ರ ಬದಲಾಗಬೇಕು. ಲೀಟರು ಬದಲಾಗಬಾರದು, ಪ್ರೋತ್ಸಾಹಧನ ಬದಲಾಗಬಾರದು, ಹೆಸರು ಬದಲಾಗಬಾರದು. ಕೆಚ್ಚಲಿನ ನಾಲ್ಕೂ ಮೊಲೆ ನೋಡಿದ ಹಾಗೆ ಇವನ್ನೂ ನೋಡಬೇಕು.

ಒಂದು ಲೆಕ್ಕ ಮಾಡೋಣ. ಇಲ್ಲಿನ ದರ ಉದಾಹರಣೆಗೆ ಮಾತ್ರ, ಒಕ್ಕೂಟದ ದರವಲ್ಲ. 8.40 ಲೀಟರು, ದರ ₹36.50 ಆದರೆ ₹306.60. ಹಾಲು ನೀರಿಗಿಂತ ತುಸು ಭಾರ, ಒಂದು ಲೀಟರು ಹಾಲು ಸುಮಾರು 1.03 ಕಿಲೋ ತೂಗುತ್ತದೆ. ಲೀಟರಿನಲ್ಲೇ ಬಂದ 8.40 ಎಂಬ ಅಂಕಿಯನ್ನು ಅಪ್‌ಡೇಟ್ ಆದ ಯಂತ್ರ ಕಿಲೋ ಎಂದು ತಿಳಿದು ಮತ್ತೊಮ್ಮೆ 1.03ರಿಂದ ಭಾಗಿಸಿದರೆ 8.16 ಲೀಟರು ಆಗುತ್ತದೆ, ಹಣ ₹297.84. ಒಂದು ಹೊತ್ತಿಗೆ ₹8.76 ಕಡಿಮೆ. ಇಷ್ಟು ಸಣ್ಣ ವ್ಯತ್ಯಾಸವನ್ನು ಕಂಡು ಆಕಳೇ ಹಾಲು ಕಡಿಮೆ ಕೊಟ್ಟಿತೇನೋ ಎಂದುಕೊಳ್ಳುತ್ತೇವೆ. ದಿನಕ್ಕೆ ಎರಡು ಹೊತ್ತು, ಮೂವತ್ತು ದಿನವಾದರೆ ₹525.60. ಒಬ್ಬರಿಗೆ ಇಷ್ಟಾದರೆ ನೂರು ಸದಸ್ಯೆಯರಿಗೆ ಎಷ್ಟು ಎಂದು ನೀವೇ ಲೆಕ್ಕ ಹಾಕಿ. ಇದೇ ತಪ್ಪು ತಿರುವುಮುರುವಾದರೆ ಸಂಘ ನಷ್ಟಕ್ಕೆ ಬೀಳುತ್ತದೆ. ಸಂಘ ನಿಮ್ಮದೇ ಆದ್ದರಿಂದ ಆ ನಷ್ಟವೂ ನಿಮ್ಮದೇ.

ನಿಮ್ಮ ಸಂಘದಲ್ಲಿ ಒಂದು ಪರೀಕ್ಷಾ ವಹಿ

ನೂರು ಪುಟದ ಒಂದು ನೋಟ್‌ಬುಕ್ ಸಾಕು. ಎಡಪುಟದಲ್ಲಿ ಪ್ರಶ್ನೆ, ಬಲಪುಟದಲ್ಲಿ ಬರಬೇಕಾದ ಉತ್ತರ, ಅದರ ಮುಂದೆ ಬಂದ ಉತ್ತರ, ದಿನಾಂಕ, ಇಬ್ಬರ ಸಹಿ. ಮೊದಲಿಗೆ ಈ ಏಳನ್ನು ಬರೆಯಿರಿ.

1. ತಕ್ಕಡಿಯ ಮೇಲೆ ಏನೂ ಇಡದಿದ್ದಾಗ 0.00 ತೋರಿಸಬೇಕು.

2. ಮುದ್ರೆಯಿರುವ 5 ಕಿಲೋ ಬಟ್ಟು ಇಟ್ಟರೆ 5.00 ತೋರಿಸಬೇಕು. ನಿಮ್ಮ ಯಂತ್ರ ಕಿಲೋವನ್ನು 1.03ರ ಲೆಕ್ಕದಲ್ಲಿ ಲೀಟರಿಗೆ ಬದಲಿಸಿ ತೋರಿಸುವುದಾದರೆ 4.85 ಬರಬೇಕು. ಯಾವುದು ಎಂದು ಕಾರ್ಯದರ್ಶಿಯವರನ್ನು ಕೇಳಿ ಮೊದಲೇ ಬರೆದಿಡಿ. ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಈ ವರ್ಷದ ಮುದ್ರೆ ಬಿದ್ದಿದೆಯೇ ಎಂದೂ ನೋಡಿ.

3. ಮೂರು ಹಳೆಯ ಚೀಟಿ ಆರಿಸಿ: ಒಂದು ಸಾಮಾನ್ಯ, ಒಂದು ದರದ ಮೆಟ್ಟಿಲಿನ ಅಂಚಿನದು, ಒಂದು ಎಮ್ಮೆ ಹಾಲಿನದು. ಲೀಟರು, ಜಿಡ್ಡು, ಎಸ್‌ಎನ್‌ಎಫ್ ಬರೆದು ಕೈಲೆಕ್ಕದ ಹಣ ಬರೆಯಿರಿ.

4. ಆ ಮೂರಕ್ಕೂ ಪ್ರೋತ್ಸಾಹಧನ ಬೇರೆಯಾಗಿ ಲೆಕ್ಕ ಮಾಡಿ. 8.40 ಲೀಟರಿಗೆ ₹42.00.

5. ಒಂದೇ ಹೆಸರಿನ ಇಬ್ಬರು ಸದಸ್ಯೆಯರ ಸಂಖ್ಯೆ ಮತ್ತು ಬ್ಯಾಂಕ್ ಖಾತೆಯ ಕೊನೆಯ ನಾಲ್ಕು ಅಂಕಿ. ಪೂರ್ತಿ ಸಂಖ್ಯೆ ಬರೆಯಬೇಡಿ.

6. ಒತ್ತಕ್ಷರವಿರುವ ಎರಡು ಹೆಸರು, ಚೀಟಿಯಲ್ಲಿ ಹೇಗೆ ಮುದ್ರಣವಾಗಬೇಕೋ ಹಾಗೆ.

7. ಹತ್ತು ದಿನದ ಚೀಟಿಗಳ ಮೊತ್ತ. ಬಟವಾಡೆ ಪಟ್ಟಿಯಲ್ಲಿರುವ ಮೊತ್ತಕ್ಕೆ ಹೊಂದಬೇಕು.

ಈ ಪರೀಕ್ಷೆಯನ್ನು ದಿನವೂ ಮಾಡಬೇಕಾಗಿಲ್ಲ. ತಕ್ಕಡಿಯ ಮೊದಲೆರಡನ್ನು ವಾರಕ್ಕೊಮ್ಮೆ ನೋಡಿ. ದರ ಬದಲಾದಾಗ, ಯಂತ್ರ ರಿಪೇರಿಗೆ ಹೋಗಿ ಬಂದಾಗ, ತಂತ್ರಾಂಶ ಅಪ್‌ಡೇಟ್ ಆದಾಗ, ಹೊಸ ವರ್ಷ ಶುರುವಾದಾಗ ಎಲ್ಲವನ್ನೂ ನೋಡಿ. ಬದಲಾವಣೆಯಾದದ್ದು ಒಂದೇ ಆದರೂ ಏಳನ್ನೂ ಕೇಳಿ.

ಎಚ್ಚರಿಕೆಯ ಮಾತೊಂದಿದೆ. ಪರೀಕ್ಷೆಗೆಂದು ಸುಳ್ಳು ಹಾಲನ್ನು ನಿಜವಾದ ಸದಸ್ಯೆಯ ಖಾತೆಯಲ್ಲಿ ಬರೆಸಬೇಡಿ. ಅದು ಹಾಗೆಯೇ ಉಳಿದು ಬಟವಾಡೆಗೆ ಹೋದರೆ ಇನ್ನೊಂದು ತಪ್ಪಾಗುತ್ತದೆ. ಕಂಪ್ಯೂಟರಿನವರೂ ನಿಜವಾದ ವಹಿಯನ್ನು ಮುಟ್ಟದೆ ಬೇರೆ ನಕಲಿನ ಮೇಲೆ ಪರೀಕ್ಷೆ ಮಾಡುತ್ತಾರೆ. ನಿಮ್ಮ ತಂತ್ರಾಂಶದಲ್ಲಿ ಪ್ರಯೋಗಕ್ಕೆ ಬೇರೆ ವ್ಯವಸ್ಥೆ ಇದೆಯೇ ಎಂದು ಕಾರ್ಯದರ್ಶಿಯವರ ಮೂಲಕ ಕೇಳಿ. ಇಲ್ಲದಿದ್ದರೆ, ಆ ದಿನ ನಿಜವಾಗಿ ಹಾಕಿದ ಹಾಲಿನ ಚೀಟಿಗಳನ್ನೇ ಕೈಲೆಕ್ಕದಿಂದ ತಾಳೆ ನೋಡಿದರೆ ಸಾಕು.

ವ್ಯತ್ಯಾಸ ಕಂಡರೆ

ಮೊದಲು ನಿಮ್ಮ ಲೆಕ್ಕವನ್ನೇ ಇನ್ನೊಮ್ಮೆ ಮಾಡಿ. ಬರೆದಿಟ್ಟ ಉತ್ತರವೇ ತಪ್ಪಿರುವುದೂ ಉಂಟು. ಮತ್ತೆ ಅದೇ ವ್ಯತ್ಯಾಸ ಬಂದರೆ ಚೀಟಿಯನ್ನು ಕಾಯ್ದಿಡಿ, ಅದರ ಫೋಟೋ ತೆಗೆಯಿರಿ, ಮುದ್ರಿಸಿದ ಚೀಟಿಯ ಮಸಿ ಬೇಗ ಮಾಸುತ್ತದೆ. ಯಾವ ಪ್ರಶ್ನೆ, ಏನು ಬರಬೇಕಿತ್ತು, ಏನು ಬಂತು, ಯಾವಾಗಿನಿಂದ, ಈ ನಾಲ್ಕನ್ನು ಬರೆದು ಕಾರ್ಯದರ್ಶಿಯವರಿಗೆ ಕೊಡಿ. ಅವರಿಂದ ಆಗದಿದ್ದರೆ ವಿಸ್ತರಣಾಧಿಕಾರಿಯವರಿಗೆ ತಿಳಿಸಿ. "ಯಂತ್ರ ಸರಿಯಿಲ್ಲ" ಎಂದು ಹೇಳಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. "8.5 ಎಸ್‌ಎನ್‌ಎಫ್ ಹಾಲಿಗೆ ಮೊನ್ನೆ ಸೋಮವಾರದಿಂದ ಕೆಳಗಿನ ಮೆಟ್ಟಿಲಿನ ದರ ಬರುತ್ತಿದೆ" ಎಂದರೆ ಸರಿ ಮಾಡುವವರಿಗೆ ಅರ್ಧ ಕೆಲಸ ಮುಗಿದಂತೆ.

ಕಾರ್ಯದರ್ಶಿ, ಪರೀಕ್ಷಕಿ ಇವರ ಮೇಲೆ ಮುನಿಸು ಬೇಡ. ತಂತ್ರಾಂಶ ಬರೆದವರು ಅವರಲ್ಲ. ತಾಳೆ ನೋಡಿದ ವಹಿ ಇದ್ದರೆ ಅವರ ಮೇಲೆ ಸುಳ್ಳು ಅನುಮಾನವೂ ಬರುವುದಿಲ್ಲ. ಎಷ್ಟೋ ಊರಲ್ಲಿ ಜಗಳವಾಗುವುದು ಮೋಸ ನಡೆದಿದೆ ಎಂದಲ್ಲ, ನಡೆದಿಲ್ಲ ಎಂದು ತೋರಿಸಲು ಕೈಯಲ್ಲಿ ಏನೂ ಇಲ್ಲ ಎಂಬ ಕಾರಣಕ್ಕೆ.

ತಪ್ಪು ಸರಿಯಾದ ಮೇಲೆ ಇನ್ನೊಂದು ಕೆಲಸ ಉಳಿದಿದೆ. ಆ ತಪ್ಪನ್ನು ಹಿಡಿಯುವ ಪ್ರಶ್ನೆಯನ್ನು ವಹಿಯಲ್ಲಿ ಎಂಟನೆಯದಾಗಿ ಬರೆಯಿರಿ. ಪೋಸ್ಟ್‌ಗ್ರೆಸ್‌ನವರ ಪ್ರಶ್ನೆಗಳು ಇಷ್ಟಾಗಿದ್ದರಲ್ಲಿ ಹೀಗೆ ಸೇರಿದವು ಬಹಳ. ಒಮ್ಮೆ ತೊಂದರೆ ಕೊಟ್ಟದ್ದು ಮತ್ತೆ ಬಂದರೆ ಮೊದಲ ದಿನವೇ ಸಿಗಬೇಕು.

ಮುಂದಿನ ಸಂಘದ ಸಭೆಯಲ್ಲಿ ಈ ಮೂರು ಪ್ರಶ್ನೆ ಕೇಳಿ. ತಂತ್ರಾಂಶ ಬದಲಾದಾಗ ನಮಗೆ ಮೊದಲೇ ತಿಳಿಸುತ್ತೀರಾ? ಬದಲಾವಣೆಯ ನಂತರ ಹಳೆಯ ಲೆಕ್ಕಗಳನ್ನು ತಾಳೆ ನೋಡುತ್ತೀರಾ? ನೋಡಿದ ಫಲಿತಾಂಶವನ್ನು ಗೋಡೆಗೆ ಅಂಟಿಸುತ್ತೀರಾ? ಸದಸ್ಯೆಯಾಗಿ ಕೇಳುವ ಹಕ್ಕು ನಿಮಗಿದೆ. ಶಾಲೆಗೆ ಹೋಗುವ ಮಗಳೋ ಸೊಸೆಯೋ ಇದ್ದರೆ ಕೈಲೆಕ್ಕಕ್ಕೆ ಅವರನ್ನು ಜೊತೆಗೆ ಕರೆಯಿರಿ, ದಶಮಾಂಶದ ಗುಣಾಕಾರಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಬೇರೆ ಇಲ್ಲ.

ನಾನು ನಿಮ್ಮ ಊರಿಗೆ ಲಸಿಕೆಗೋ ಚಿಕಿತ್ಸೆಗೋ ಬಂದಾಗ ಆಕಳಿನ ಕಿವಿಯೋಲೆಯ ಸಂಖ್ಯೆಯನ್ನು ಗಟ್ಟಿಯಾಗಿ ಓದುತ್ತೇನೆ. ನಿಮ್ಮ ಕಾರ್ಡಿನಲ್ಲಿರುವ ಸಂಖ್ಯೆಯನ್ನು ನೀವೂ ಓದಿ. ಗರ್ಭಧಾರಣೆಯ ದಿನವನ್ನು ನಾನು ಏನೆಂದು ಬರೆದೆ ಎಂದು ಕೇಳಿ, ತಿಂಗಳ ಹೆಸರನ್ನು ಬಾಯಲ್ಲಿ ಹೇಳಿಸಿ, ಕರು ಹಾಕುವ ದಿನ ಯಂತ್ರದಲ್ಲಿ ಎಷ್ಟು ಬಂತು ಎಂದು ನೋಡಿ, ನಿಮ್ಮ ಲೆಕ್ಕದ ಒಂಬತ್ತು ತಿಂಗಳು ಒಂಬತ್ತು ದಿನಕ್ಕೆ ತಾಳೆ ಹಾಕಿ. ಎಮ್ಮೆಗಾದರೆ ಸುಮಾರು 310 ದಿನ ಎಂಬುದು ನೆನಪಿರಲಿ.